ರೋಚೆಸ್ಟರಿನ ಹನ್ನೆರಡು ವರ್ಷ

ನಮ್ಮ ಮನಶ್ಶಾಸ್ತ್ರದ ತರಗತಿಗಳಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಕಾಣಿಸಿಕೊಳ್ಳುವುದು ಪರೀಕ್ಷೆಯ ಪ್ರಶ್ನೆಯಾಗಿ: ಆಪ್ತಸಮಾಲೋಚಕನಲ್ಲಿ ಇರಬೇಕಾದ ಮೂರು ಗುಣಗಳನ್ನು ಬರೆಯಿರಿ. ಇನ್ನೊಬ್ಬರ ಒಳಗನ್ನು ಅವರ ಕಡೆಯಿಂದಲೇ ಅರಿಯುವುದು, ಷರತ್ತಿಲ್ಲದ ಆದರ, ಒಳಗೂ ಹೊರಗೂ ಒಂದೇ ಆಗಿರುವುದು. ಹುಡುಗರು ಬಾಯಿಪಾಠ ಮಾಡಿ ಬರೆಯುತ್ತಾರೆ, ಅಂಕವೂ ಬರುತ್ತದೆ. ಈ ಮೂರೂ ಆ ಮನುಷ್ಯನಿಗೆ ಎಲ್ಲಿ ದಕ್ಕಿದವು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಇವತ್ತು ನನ್ನ ತಕರಾರೆಲ್ಲ ಇದರ ಮೇಲೆಯೇ. ಆತ ನಡೆದುಬಂದ ದಾರಿಯನ್ನು ಕಳಚಿಟ್ಟರೆ ಆ ಸಿದ್ಧಾಂತ ಬರೀ ಸದುಪದೇಶವಾಗಿಬಿಡುತ್ತದೆ.

ಆ ದಾರಿ ಸುತ್ತುಬಳಸಿನದು. 1902ರಲ್ಲಿ ಶಿಕಾಗೋ ಪಕ್ಕದ ಓಕ್ ಪಾರ್ಕಿನಲ್ಲಿ ಜನನ. ಬಾಲ್ಯ ಕಳೆಯುವ ಹೊತ್ತಿಗೆ ಮನೆಯವರು ಹೊಲಕ್ಕೆ ಹೋಗಿ ನೆಲೆಸಿದರು. ವಿಸ್ಕಾನ್ಸಿನ್‌ನಲ್ಲಿ ಮೊದಲು ಕೃಷಿ, ಆಮೇಲೆ ಇತಿಹಾಸ. ಪಾದ್ರಿಯಾಗಬೇಕೆಂದು 1924ರಲ್ಲಿ ನ್ಯೂಯಾರ್ಕಿನ ಯೂನಿಯನ್ ಥಿಯಾಲಾಜಿಕಲ್ ಸೆಮಿನರಿ. ಅಲ್ಲಿಂದ ರಸ್ತೆ ದಾಟಿ ಕೊಲಂಬಿಯಾದ ಟೀಚರ್ಸ್ ಕಾಲೇಜು. 1928ರಲ್ಲಿ ರೋಚೆಸ್ಟರ್ ಊರಿನ ಒಂದು ಮಕ್ಕಳ ರಕ್ಷಣಾ ಸಂಸ್ಥೆಯಲ್ಲಿ ಕೆಲಸ. ಅಲ್ಲಿ 12 ವರ್ಷ.

ಈ 12 ವರ್ಷಗಳಲ್ಲಿ ಆತನಿಗೆ ಕಲಿಸಿದವು ಸೋಲುಗಳು. ಬೆಂಕಿ ಹಚ್ಚುವ ಚಟದ ಒಬ್ಬ ಹುಡುಗ. ವಿಲಿಯಂ ಹೀಲಿ ಆಗ ಈ ಕ್ಷೇತ್ರದ ದೊಡ್ಡ ಹೆಸರು. ಹೀಲಿಯ ಸಿದ್ಧಾಂತದ ಪ್ರಕಾರವೇ ಹುಡುಗನನ್ನು ಮಾತಾಡಿಸಿ, ಮನಸ್ಸಿನ ಆಳದ ಲೈಂಗಿಕ ತಳಮಳವನ್ನು ರೋಜರ್ಸ್ ಹುಡುಕಿ ತೆಗೆದ. ಮೂಲ ಸಿಕ್ಕಿತು, ಪ್ರಕರಣ ಮುಗಿಯಿತು. ಬಿಡುಗಡೆಯಾದ ಹುಡುಗ ಮತ್ತೆ ಬೆಂಕಿ ಹಚ್ಚಿದ! ಇನ್ನೊಂದು, ಪೋಷಕರೊಬ್ಬರ ಜೊತೆಗಿನ ಅಚ್ಚಾದ ಸಂದರ್ಶನ. ಮೊದಲು ಅದನ್ನು ಮಾದರಿಯೆಂದು ಮೆಚ್ಚಿ ಇತರರಿಗೆ ತೋರಿಸಿದ್ದ. ಕೆಲವು ವರ್ಷಗಳ ಮೇಲೆ ಓದಿದಾಗ ಅದೇ ಬರಹ ವಕೀಲನ ಪಾಟೀಸವಾಲಿನಂತೆ ಕಂಡು ದಿಗಿಲಾಯಿತು.

ಮೂರನೆಯದು ಒಬ್ಬ ತಾಯಿಯದು. ಮಗ ಮಹಾ ತುಂಟ. ಚಿಕ್ಕಂದಿನಲ್ಲಿ ತಾಯಿ ಅವನನ್ನು ಒಪ್ಪಿಕೊಳ್ಳದೆ ದೂರವಿಟ್ಟದ್ದೇ ಕಾರಣವೆಂದು ರೋಜರ್ಸ್‌ಗೆ ಖಚಿತ. ಎಷ್ಟು ಭೇಟಿಗಳಾದರೂ ಆಕೆಗೆ ಅದನ್ನು ಕಾಣಿಸಲಾಗಲಿಲ್ಲ. ಕಡೆಗೆ, ಇಬ್ಬರೂ ಪ್ರಯತ್ನಪಟ್ಟೆವು, ಆಗಲಿಲ್ಲ, ನಿಲ್ಲಿಸೋಣ ಎಂದ. ಆಕೆಯೂ ಒಪ್ಪಿ ಕೈಕುಲುಕಿ ಹೊರಟಳು. ಬಾಗಿಲವರೆಗೆ ಹೋದವಳು ತಿರುಗಿ, ಇಲ್ಲಿ ದೊಡ್ಡವರಿಗೂ ಸಮಾಲೋಚನೆ ಕೊಡುತ್ತೀರಾ ಎಂದು ಕೇಳಿದಳು. ಹೂಂ ಎಂದ. ಮರಳಿ ಬಂದು ಕೂತು ತನ್ನ ದಾಂಪತ್ಯದ ಹತಾಶೆಯನ್ನೆಲ್ಲ ಹೊರಗೆ ಹಾಕಿದಳು. ಅಷ್ಟು ದಿನ ಆತ ತಯಾರಿಸಿದ್ದ ಕೇಸಿನ ಚರಿತ್ರೆಗೂ ಈ ಮಾತುಗಳಿಗೂ ಹೋಲಿಕೆಯೇ ಇರಲಿಲ್ಲ. ನಿಜವಾದ ಚಿಕಿತ್ಸೆ ಶುರುವಾದದ್ದು ಆಗ. ಎಲ್ಲಿ ನೋಯುತ್ತಿದೆ ಎಂಬುದು ನೋಯುವವರಿಗೇ ಗೊತ್ತು ಎಂಬ ಅರಿವು ರೋಜರ್ಸ್‌ಗೆ ಬಂದದ್ದು ಅಲ್ಲಿಂದ.

ಇದೇ ಅರಿವನ್ನು ನನಗೆ ಕೊಟ್ಟ ಮೇಷ್ಟ್ರೊಬ್ಬರು ಎಂ.ವಿ. ಗೋಪಾಲಸ್ವಾಮಿಯವರ ಶಿಷ್ಯರು. ಗೋಪಾಲಸ್ವಾಮಿ ಎಂದರೆ ನಿಮಗೆಲ್ಲ ನೆನಪಾಗುವುದು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಅವರು ಆರಂಭಿಸಿದ ಆಕಾಶವಾಣಿ. ಅದಕ್ಕೂ ಮುಂಚೆ, 1924ರಲ್ಲೇ, ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದವರು ಅವರು ಎಂಬುದು ಮರೆತೇಹೋಗಿದೆ, ಮರೆಯಬಾರದಿತ್ತು. ನಮ್ಮ ಮೇಷ್ಟ್ರಿಗೆ ಒಂದು ಅಭ್ಯಾಸವಿತ್ತು. ಯಾವುದಾದರೂ ಪ್ರಕರಣಕ್ಕೆ ನಾವು ಕಾರಣ ಹೇಳಿದರೆ, "ಇದನ್ನು ಆ ಮನುಷ್ಯ ಹೇಳಿದನೋ, ನೀನು ಹೇಳಿದೆಯೋ?" ಎನ್ನುವರು. ನಾವು ಸುಮ್ಮನಾಗುತ್ತಿದ್ದೆವು. ರೋಜರ್ಸ್‌ನನ್ನು ಅವರು ಒಂದು ತರಗತಿಯಲ್ಲೂ ಹೆಸರಿಸಲಿಲ್ಲ. ಆದರೂ ನನಗೆ ರೋಜರ್ಸ್‌ನನ್ನು ಕಲಿಸಿದವರು ಅವರೇ ಎಂದು ಗಟ್ಟಿಯಾಗಿ ನಂಬಿದ್ದೇನೆ.

ಈಗ ಜಗಳದ ಭಾಗ. 1939ರಲ್ಲಿ ರೋಚೆಸ್ಟರ್ ಗೈಡೆನ್ಸ್ ಸೆಂಟರ್ ಹುಟ್ಟಿದಾಗ, ಅದರ ಮುಖ್ಯಸ್ಥ ಮನೋವೈದ್ಯನೇ ಆಗಿರಬೇಕು ಎಂಬ ಪಟ್ಟು ಎದ್ದಿತು. ರೋಜರ್ಸ್ ವೈದ್ಯನಲ್ಲ, ಡಾಕ್ಟರೇಟ್ ಬಂದದ್ದೂ ಕೆಲಸಕ್ಕೆ ಸೇರಿದ ಮೇಲೆ, 1931ರಲ್ಲಿ. ಹೋರಾಡಿ ಆ ಹುದ್ದೆ ಗೆದ್ದ, 1940ರಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೊರಟ. 1957ರ ಲೇಖನದಲ್ಲಂತೂ ಇನ್ನೂ ಮುಂದೆ ಹೋಗಿ, ಚಿಕಿತ್ಸಕನಿಗೆ ವೈದ್ಯಕೀಯವೋ ಮನಶ್ಶಾಸ್ತ್ರವೋ ಯಾವ ವಿಶೇಷ ಪಾಂಡಿತ್ಯವೂ ಕಡ್ಡಾಯವಲ್ಲ ಎಂಬರ್ಥದ ಮಾತು ಬರೆದ.

ಚಿಕಿತ್ಸಕ ಯಾರಾಗಬಹುದು ಎಂಬ ಇದೇ ಜಗಳ ನಮ್ಮಲ್ಲೂ ಇದೆ. 1992ರ ಪುನರ್ವಸತಿ ಮಂಡಳಿ ಕಾಯ್ದೆಯ ಪ್ರಕಾರ ಕ್ಲಿನಿಕಲ್ ಸೈಕಾಲಜಿಸ್ಟರು ನೋಂದಾಯಿಸಿಕೊಳ್ಳಬೇಕು. ಆಪ್ತಸಮಾಲೋಚಕರನ್ನೂ ಲೆಕ್ಕಕ್ಕೆ ತಂದದ್ದು ಆರೋಗ್ಯ ವೃತ್ತಿಗಳ ಕುರಿತ 2021ರ ಕಾಯ್ದೆ. ನನಗೆ ಈ ನೋಂದಣಿ ಬೇಕು. ಮೂರು ತಿಂಗಳ ಕೋರ್ಸು ಮುಗಿಸಿ 'ಥೆರಪಿಸ್ಟ್' ಎಂದು ಬೋರ್ಡು ಹಾಕಿಕೊಂಡವರ ಕೈಗೆ ಸಿಕ್ಕಿ ಇನ್ನಷ್ಟು ಕುಗ್ಗಿ ಬಂದವರನ್ನು ನಾನು ನೋಡಿದ್ದೇನೆ, ಆ ಕೋಪ ನನ್ನಲ್ಲಿ ಆರಿಲ್ಲ. ಆದರೆ ತಾಲ್ಲೂಕು ಊರುಗಳಲ್ಲಿ, ಯಾವ ಪದವಿಯೂ ಇಲ್ಲದೆ, ಎದುರಿಗಿರುವವರ ಮಾತಿಗೆ ಪೂರ್ತಿ ಕಿವಿಗೊಡುವ ಅಂಗನವಾಡಿ ಕಾರ್ಯಕರ್ತೆಯರನ್ನೂ ಕಂಡಿದ್ದೇನೆ. ಅವರನ್ನು ಹೊರಗಿಡುವ ಕಾನೂನು ಯಾರ ಹಿತಕ್ಕೆ? ಓದನ್ನು ಅಳೆಯಬಹುದು, ತರಬೇತಿಯ ಗಂಟೆಗಳನ್ನು ಎಣಿಸಬಹುದು. ಎದುರಿಗೆ ಕೂತವರ ಮಾತು ಕೇಳಿ ತನ್ನ ಸಿದ್ಧಾಂತವನ್ನೇ ಕೈಬಿಡುವ ಗುಣವನ್ನು ಯಾವ ಮಂಡಳಿ ಪರೀಕ್ಷಿಸುತ್ತದೆ? ಪರೀಕ್ಷಿಸಲಾಗದು ಎಂಬ ಒಂದೇ ಕಾರಣಕ್ಕೆ ನೋಂದಣಿಯೇ ಬೇಡವೆನ್ನಲಾದೀತೇ? ನಿಮ್ಮಲ್ಲಿ ಹಲವರು ಮಕ್ಕಳನ್ನು ಸಮಾಲೋಚಕರ ಬಳಿ ಕರೆದೊಯ್ದಿದ್ದೀರಿ. ಆ ಕೋಣೆಯಲ್ಲಿ ನೀವು ಮೊದಲು ನೋಡಿದ್ದು ಗೋಡೆಯ ಮೇಲಿನ ಪ್ರಮಾಣಪತ್ರವನ್ನೋ, ಇನ್ನೇನನ್ನೋ? ಅದನ್ನು ನಿಮ್ಮಿಂದಲೇ ಕೇಳಬೇಕೆಂದಿದ್ದೇನೆ.