ಮೂರು ಕೆಲಸ, ಒಂದು ರಾತ್ರಿ

ಮನೆಯಲ್ಲಿರುವುದು ಒಂದೇ ಒಲೆ. ಸ್ನಾನಕ್ಕೆ ಹಂಡೆ ನೀರು ಕಾಯಬೇಕು, ಬೇಳೆ ಬೇಯಬೇಕು, ಮಗುವಿಗೆ ಹಾಲು ಬಿಸಿಯಾಗಬೇಕು. ನೀವು ಮೊದಲು ಯಾವುದನ್ನು ಇಡುತ್ತೀರಿ? ಹಾಲನ್ನೇ ತಾನೆ! ವಿಜ್ಞಾನ ಪದವೀಧರನಾದ ನಾನು ಗಣಕಯಂತ್ರದ ಮುಂದೆ ಕುಳಿತು ಮೊದಲು ಹಂಡೆ ಇಟ್ಟೆ.

ಬೀದರ್ ಜಿಲ್ಲೆಯಲ್ಲಿ ಚಿತ್ರೀಕರಣ ನಡೆದಿತ್ತು. ಬೀದರ್ ನಗರದ ಕೋಟೆ, ಮಹಮೂದ್ ಗಾವಾನನ ಮದರಸಾ ಸೇರಿ 200 ಗಿಗಾಬೈಟ್. ಭಾಲ್ಕಿಯ ಪೇಟೆ 40. ಔರಾದಿನ ಅಜ್ಜಿಯೊಬ್ಬರ ಮಾತು ಬರೇ 6. ನಿಜಾಮರ ಆಳ್ವಿಕೆ ಮುಗಿದ 1948ರ ಸೆಪ್ಟೆಂಬರಿನಲ್ಲಿ ಆಕೆ ಹತ್ತು ವರ್ಷದ ಹುಡುಗಿ. ಒಂದು ರಾತ್ರಿ ಮನೆಮಂದಿಯೆಲ್ಲ ಊರು ಬಿಟ್ಟದ್ದನ್ನು ಹೇಳಿದ್ದರು.

ಈ ಮೂರನ್ನೂ ಬೀದರಿನ ಬಾಡಿಗೆ ಕೋಣೆಯಲ್ಲಿ ಬ್ಯಾಕಪ್ ತಂತ್ರಾಂಶದಿಂದ ನಕಲು ಮಾಡಬೇಕಿತ್ತು. ನಮ್ಮ ಹಳೆಯ ಜಾಲದಲ್ಲಿ ಸೆಕೆಂಡಿಗೆ ಸುಮಾರು 11 ಮೆಗಾಬೈಟ್ ಹರಿಯುತ್ತಿತ್ತು. ಅಂದರೆ ಕೋಟೆಗೆ ಐದು ಗಂಟೆ, ಭಾಲ್ಕಿಗೆ ಒಂದು ಗಂಟೆ, ಅಜ್ಜಿಗೆ ಒಂಬತ್ತೇ ನಿಮಿಷ. ಒಟ್ಟಿಗೆ ಬರೆದರೆ ಡಿಸ್ಕಿನ ಮುಳ್ಳು ಅತ್ತಿತ್ತ ಓಡಾಡಿ ವೇಗ ತಗ್ಗುತ್ತದೆಂದು, ಒಂದು ಸಲಕ್ಕೆ ಒಂದೇ ಕೆಲಸ ಎಂಬ ಮಿತಿ ಹಾಕಿದೆ. ದೊಡ್ಡದಕ್ಕೆ ಹೊತ್ತು ಬೇಕೆಂದು ರಾತ್ರಿ ಒಂಬತ್ತಕ್ಕೆ ಕೋಟೆಯನ್ನು ಹಚ್ಚಿದೆ.

ಹತ್ತಕ್ಕೆ ಔರಾದಿನ ಕೆಲಸವನ್ನು ಸೇರಿಸಿ ಆದ್ಯತೆ 1 ಕೊಟ್ಟೆ. ಇಲ್ಲೊಂದು ಮಾತು: ಇಂಥ ತಂತ್ರಾಂಶಗಳಲ್ಲಿ ಸಂಖ್ಯೆ ಚಿಕ್ಕದಾದಷ್ಟೂ ಆದ್ಯತೆ ಹೆಚ್ಚಿರುವುದುಂಟು. ಬಾಕ್ಯುಲಾ ಎಂಬ ತಂತ್ರಾಂಶದಲ್ಲಿ ಸಾಮಾನ್ಯ ಕೆಲಸಕ್ಕೆ 10. ನಕಲುಗಳ ಪಟ್ಟಿಯನ್ನೇ ನಕಲು ಮಾಡುವ ಕೆಲಸ ಕೊನೆಗೆ ಬರಲೆಂದು ಅದಕ್ಕೆ 11. ತರಗತಿಯ ರ‍್ಯಾಂಕಿನ ಹಾಗೆ. ಮುಖ್ಯವೆಂದು 100 ಕೊಟ್ಟವರು ಬೆಳಗಿನವರೆಗೆ ಕಾಯುತ್ತಾರೆ!

ನಾನು ಆ ತಪ್ಪು ಮಾಡಲಿಲ್ಲ, ಬೇರೆಯದನ್ನು ಮಾಡಿದೆ. ಆದ್ಯತೆ ಲೆಕ್ಕಕ್ಕೆ ಬರುವುದು ಸರದಿಯಲ್ಲಿ ಕಾಯುತ್ತಿರುವವರ ನಡುವೆ. ನಡೆಯುತ್ತಿರುವ ಕೆಲಸವನ್ನು ಅದು ಎಬ್ಬಿಸುವುದಿಲ್ಲ. ಕೋಟೆ ಮುಗಿಯುವವರೆಗೆ, ಅಂದರೆ ರಾತ್ರಿ ಎರಡರವರೆಗೆ, ಅಜ್ಜಿ ಬಾಗಿಲಲ್ಲೇ ನಿಂತಿರಬೇಕು. ಮೂರನ್ನೂ ಒಟ್ಟಿಗೆ ಬಿಟ್ಟಿದ್ದರೂ ಆಕೆಯದು ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತಿತ್ತು. ಇದು ಗೊತ್ತಿಲ್ಲದೆ ಛಾಯಾಗ್ರಾಹಕನಿಗೆ, "ಔರಾದಿನದೇ ಮೊದಲು, ಬೆಳಗ್ಗೆ ಆ ಕಾರ್ಡು ಅಳಿಸಿಕೋ" ಎಂದು ಹೇಳಿ ಮಲಗಿದೆ.

ಒಂದು ಗಂಟೆಗೆ ಕರೆಂಟು ಹೋಯಿತು. ಬ್ಯಾಟರಿಯೂ ಕೈಕೊಟ್ಟಿತು. ನಾನೆದ್ದು ಪರದೆ ನೋಡುವಷ್ಟರಲ್ಲಿ ಹುಡುಗ ಕಾರ್ಡು ಅಳಿಸಿ, ಹೊಸ ಚಿತ್ರೀಕರಣ ಶುರುಮಾಡಿದ್ದ.

ಕೋಟೆಯನ್ನು ಯಾವಾಗ ಬೇಕಾದರೂ ಮತ್ತೆ ಚಿತ್ರೀಕರಿಸಬಹುದು. ಭಾಲ್ಕಿಯ ಪೇಟೆ ನಾಳೆಯೂ ತೆರೆದಿರುತ್ತದೆ. ಹೀಗಾಗಿ ಈಗ ನಾನು ಸರದಿ ಹಾಕುವಾಗ ಗಾತ್ರ ನೋಡುವುದಿಲ್ಲ, ಮತ್ತೆ ಸಿಗುವಂಥದೇ ಎಂದಷ್ಟೇ ಕೇಳಿಕೊಳ್ಳುತ್ತೇನೆ. ಸಿಗದಿರುವುದು ಸಂಜೆ ಏಳಕ್ಕೇ ಹೊರಡುತ್ತದೆ. ಅದು ಮುಗಿದದ್ದನ್ನು ಕಣ್ಣಾರೆ ಕಂಡ ಮೇಲೆ ಉಳಿದವು.

ವಾರದ ಬಳಿಕ ಮತ್ತೆ ಔರಾದಿಗೆ ಹೋದೆ. ಅಜ್ಜಿ ಚಹಾ ಕೊಟ್ಟರು, ಬೆಳೆಯ ಬಗ್ಗೆ, ಮೊಮ್ಮಕ್ಕಳ ಬಗ್ಗೆ ಮಾತಾಡಿದರು. ಆ ರಾತ್ರಿಯ ಸುದ್ದಿ ಎತ್ತಿದೆ. "ಅವತ್ತೇ ಹೇಳೀನಲ್ಲಪ್ಪಾ" ಎಂದು ಲೋಟ ಎತ್ತಿಕೊಂಡು ಒಳಗೆ ಹೋದರು.