ಮಣ್ಣೆತ್ತಿಗೊಂದು ಹೆಸರು



ಕಾರಹುಣ್ಣಿಮೆ ಮುಗಿದು 15 ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಯರಗೇರಾ, ಮಾನ್ವಿ, ದೇವದುರ್ಗದ ಕಡೆ ಅಂದು ಕಟ್ಟೆಯ ಮೇಲೆ ಮಕ್ಕಳದೇ ರಾಜ್ಯ. ಹೊಲದ ಎರೆಮಣ್ಣು ತಂದು, ನೀರು ಹಾಕಿ ಹದವಾಗಿ ಕಲಸುತ್ತಾರೆ. ಜೋಡೆತ್ತು ಏಳುತ್ತವೆ, ಮುಂದೊಂದು ಮೇವು ಹಾಕುವ ಗ್ವಾದಲಿ. ಒಂದು ಕೋಡು ಉದ್ದ, ಇನ್ನೊಂದು ಗಿಡ್ಡ. ಕಣ್ಣಿಗೆ ಜೋಳದ ಕಾಳು.

ಕಣ್ಣು ಕೂತ ಕೂಡಲೇ ಪ್ರಶ್ನೆಗಳು ಶುರು.

"ಯಜ್ಜಾ, ಇದು ಮೇವು ಯಾವಾಗ ತಿಂತದ?"

ಮಣ್ಣಿನ ಎತ್ತು ಎಲ್ಲಿ ತಿಂತದ ಎಂದು ಬಾಯಿ ಮುಚ್ಚಿಸುವುದು ಸುಲಭ. "ನಿನಗೇನು ಅನಸ್ತದ?" ಎಂದು ತಿರುಗಿ ಕೇಳುವ ಅಜ್ಜಂದಿರು ನನಗೆ ಬಲು ಇಷ್ಟ. ಮಗು ಒಂದು ಗಳಿಗೆ ಸುಮ್ಮನಾಗುತ್ತದೆ. ಆಮೇಲೆ ಕತೆ ಹುಟ್ಟುತ್ತದೆ. ಎಲ್ಲರೂ ಮಲಗಿದ ಮೇಲೆ ಎತ್ತುಗಳು ಎದ್ದು, ತುಂಗಭದ್ರೆಯ ನೀರು ಕುಡಿದು, ಕೋಳಿ ಕೂಗುವುದರೊಳಗೆ ವಾಪಸು ಬರುತ್ತವಂತೆ! ಒಲೆ ಮುಂದಿನ ಅವ್ವನೂ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳುತ್ತಾಳೆ. ಮನೆಮಂದಿಯೆಲ್ಲ ಒಂದೇ ಕತೆಯೊಳಗೆ ಕೂತುಬಿಡುವ ಆ ಹೊತ್ತಿನ ಸುಖವೇ ಬೇರೆ.

ಈಗ ಪೇಟೆಯಲ್ಲಿ ಮಾಡಿಟ್ಟ ಎತ್ತುಗಳೂ ಸಿಗುತ್ತವೆ. ಪೂಜೆಗೆ ಅವೂ ಆದಾವು. ಆದರೂ ಮಕ್ಕಳ ಕೈಗೆ ಒಂದು ಹಿಡಿ ಮಣ್ಣು ಕೊಡಿ. ಅಂಗಿ ಹೊಲಸಾದರೆ ಆಗಲಿ. ಎತ್ತಿನ ಹೆಸರೇನು ಎಂದು ಕೇಳಿ ನೋಡಿ. ಆಗಲೇ ಇಟ್ಟಿರುತ್ತಾರೆ.