ಕಾರಣ ಕೇಳದ ಒಂದು ದಿನ

(ಮಹಿಳಾ ವಿಭಾಗದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಪ್ರವಾಸದ ಅನುಭವದ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ನನಗೆ ಹೇಳಿದ್ದಾರೆ. ಕಾಶಿ, ಕೇದಾರ, ಯುರೋಪು ನೋಡಿ ಬಂದವರು ಇಲ್ಲಿ ಬಹಳ ಮಂದಿ ಇದ್ದೀರಿ. ನನ್ನ ಪ್ರವಾಸ ಗೇಟ್‌ವೇಯಿಂದ ದೋಣಿಯಲ್ಲಿ ಒಂದು ಗಂಟೆಯದು. ಜನವರಿಯ ಒಂದು ಬುಧವಾರ ನಾವು ನಾಲ್ವರು ಗೆಳತಿಯರು ಹಕ್ಕಿ ನೋಡಲೆಂದು ಎಲಿಫೆಂಟಾ, ಅಂದರೆ ಘಾರಾಪುರಿ ದ್ವೀಪಕ್ಕೆ ಹೋಗಿ ಬಂದೆವು. ಸೋಮವಾರ ಗುಹೆಗಳಿಗೆ ರಜೆ, ಶನಿವಾರ ಭಾನುವಾರ ಕಾಲಿಡಲು ಜಾಗವಿರುವುದಿಲ್ಲ. ಹಾಗಾಗಿ ಬುಧವಾರ.

ಮದುವೆ, ಮುಂಜಿ, ಆಸ್ಪತ್ರೆ, ದೇವಸ್ಥಾನ ಎಂದರೆ ನಮ್ಮ ಮನೆಗಳಲ್ಲಿ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ‘ಹಕ್ಕಿ ನೋಡಲು ಹೋಗ್ತೇನೆ’ ಎಂದರೆ ಮಾತ್ರ ಕೇಳುತ್ತಾರೆ, ‘ಯಾಕೆ?’ ಎಂದು. ನಮ್ಮಲ್ಲಿ ಒಬ್ಬಾಕೆಯ ಅತ್ತೆ ನಾಲ್ಕು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. ಈ ನಾಲ್ಕು ವರ್ಷದಲ್ಲಿ ಆಕೆ ತನಗಾಗಿ ಒಂದು ಇಡೀ ದಿನ ಹೊರಗೆ ಕಳೆದದ್ದಿಲ್ಲ. ಆ ಬುಧವಾರ ಗಂಡ ರಜೆ ಹಾಕಿ ತಾಯಿಯ ಬಳಿ ಕೂತರು. ‘ಹೋಗಿ ಬಾ’ ಎಂದು ಅತ್ತೆಯೇ ಕಳಿಸಿಕೊಟ್ಟರಂತೆ.

ದೋಣಿ ಹೊರಟು ಐದು ನಿಮಿಷ ಆಗಿರಲಿಲ್ಲ, ಬಿಳಿಯ ಕಡಲಕ್ಕಿಗಳ ಹಿಂಡು ನಮ್ಮ ಬೆನ್ನು ಹತ್ತಿತು. ನಾವು ಸೀಗಲ್ ಎನ್ನುತ್ತೇವಲ್ಲ, ಅವೇ. ಇವುಗಳಲ್ಲಿ ಹೆಚ್ಚಿನವು ಕಂದುತಲೆಯ ಕಡಲಕ್ಕಿಗಳು. ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ನಮ್ಮ ಕಡಲಿಗೆ ಬರುತ್ತವೆ. ತಲೆ ಕಂದು ಎಲ್ಲಿದೆ ಎಂದು ಹುಡುಕಬೇಡಿ. ಚಳಿಗಾಲದಲ್ಲಿ ಆ ಬಣ್ಣ ಹೋಗಿ ತಲೆ ಬಿಳಿಯಾಗುತ್ತದೆ, ಕಣ್ಣಿನ ಹಿಂದೆ ಕಾಡಿಗೆ ಮೆತ್ತಿದಂತೆ ಒಂದು ಬೊಟ್ಟು ಮಾತ್ರ ಉಳಿಯುತ್ತದೆ. ಬೇಸಗೆಯಲ್ಲಿ ಊರಿಗೆ ಮರಳುವ ಹೊತ್ತಿಗೆ ಮತ್ತೆ ಕಂದು ತಲೆ. ಇವುಗಳ ಜೊತೆಗೇ ಕಪ್ಪುತಲೆಯ ಕಡಲಕ್ಕಿಗಳೂ ಇರುತ್ತವೆ. ಗುರುತಿಸಲು ಕಣ್ಣು ನೋಡಿ: ಮೊದಲನೆಯದಕ್ಕೆ ತಿಳಿ ಬಣ್ಣದ ಕಣ್ಣು, ಎರಡನೆಯದಕ್ಕೆ ಕಪ್ಪು ಕಣ್ಣು.

ದೋಣಿಯ ತುಂಬ ಜನ ಚಿಪ್ಸು, ಗಾಠಿಯಾ ಎಸೆಯುತ್ತಿದ್ದರು. ಉಪ್ಪು, ಎಣ್ಣೆಯ ತಿಂಡಿ ಹಕ್ಕಿಯ ಆಹಾರವಲ್ಲ, ಖಾಲಿ ಪೊಟ್ಟಣಗಳೂ ಕೊನೆಗೆ ಬೀಳುವುದು ಸಮುದ್ರಕ್ಕೇ. ನಮ್ಮ ಪಕ್ಕದಲ್ಲಿದ್ದ ಏಳೆಂಟು ವರ್ಷದ ಹುಡುಗನ ಕೈಯಲ್ಲೂ ಪೊಟ್ಟಣವಿತ್ತು. ನಮ್ಮ ಗುಂಪಿನ ನಿವೃತ್ತ ಟೀಚರ್ ಅವನಿಗೆ ಉಪದೇಶ ಮಾಡಲಿಲ್ಲ. ತಮ್ಮ ದುರ್ಬೀನು ಕೊಟ್ಟು, ‘ಬಾಳ, ಇವುಗಳ ಕಣ್ಣಿನ ಬಣ್ಣ ಯಾವುದು ಹೇಳು’ ಎಂದು ಮರಾಠಿಯಲ್ಲಿ ಕೇಳಿದರು. ದ್ವೀಪ ಬರುವವರೆಗೂ ಹುಡುಗ ದುರ್ಬೀನು ಬಿಡಲಿಲ್ಲ. ಪೊಟ್ಟಣ ಅವನ ಅಮ್ಮನ ಚೀಲ ಸೇರಿತು.

ದೂರದಲ್ಲಿ ಮಾಂಡ್ವಾ ಕಡೆಗೆ ಹೋಗುವ ದೋಣಿ ಕಂಡಾಗ ಟೀಚರೇ ಇನ್ನೊಂದು ವಿಷಯ ಹೇಳಿದರು. ಮಾಂಡ್ವಾದ ಆಚೆ ಕಿಹೀಂ ಎಂಬ ಕಡಲತೀರದ ಹಳ್ಳಿ ಇದೆ. ಸಲೀಂ ಅಲಿ 1930ರಲ್ಲಿ ಪತ್ನಿ ತೆಹಮೀನಾ ಜೊತೆ ಅಲ್ಲಿದ್ದಾಗಲೇ ಗೀಜಗಗಳನ್ನು ಗಮನಿಸಿದ್ದು. ಗಂಡು ಗೀಜಗ ಗೂಡನ್ನು ಅರ್ಧ ಕಟ್ಟಿ ಕಾಯುತ್ತದೆ. ಹೆಣ್ಣು ಬಂದು ಒಳಹೊಕ್ಕು ಪರೀಕ್ಷೆ ಮಾಡಿ ಒಪ್ಪಿದರೆ ಮಾತ್ರ ಸಂಸಾರ. ‘ನಮಗೆ ಅಷ್ಟು ಅವಕಾಶ ಕೊಟ್ಟಿದ್ದರೆ!’ ಎಂದು ಒಬ್ಬಳು ಅಂದಳು. ದೋಣಿಯಲ್ಲಿ ನಮ್ಮದೇ ನಗು.

ಧಕ್ಕೆಯಿಂದ ಮೆಟ್ಟಿಲವರೆಗೆ ಪುಟಾಣಿ ರೈಲು ಇದೆ. ನಾವು ನಡೆದೆವು. ನೀರಿಳಿದ ಕೆಸರಿನಲ್ಲಿ ಬೆಳ್ಳಕ್ಕಿಗಳು, ಕಾಂಡ್ಲಾ ಗಿಡದ ಮೇಲೆ ಮಿಂಚುಳ್ಳಿ, ಮೇಲೆ ಗರುಡ. ಮೆಟ್ಟಿಲು ಹತ್ತುವಾಗ ಕುಟ್ರ ಹಕ್ಕಿಯ ಟುಕ್ ಟುಕ್, ಕಾಜಾಣ, ಪಿಕಳಾರ, ಮಡಿವಾಳ ಹಕ್ಕಿ. ಹಳದಿಯ ಹೊನ್ನಕ್ಕಿಯೊಂದು ಮರದಿಂದ ಮರಕ್ಕೆ ಹಾರಿದಾಗ ಅತ್ತೆಯನ್ನು ಬಿಟ್ಟು ಬಂದ ಗೆಳತಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಬೆಳಿಗ್ಗೆಯಿಂದ ಹತ್ತು ಸಲ ಫೋನು ನೋಡಿದ್ದವಳು ಆಮೇಲೆ ಅದನ್ನು ಚೀಲದೊಳಗೆ ಹಾಕಿದಳು.

ಗುಹೆಗಳು ಆರನೆಯ ಶತಮಾನದವು, 1987ರಿಂದ ವಿಶ್ವ ಪರಂಪರೆಯ ತಾಣ. ಸುಮಾರು 20 ಅಡಿಯ ತ್ರಿಮೂರ್ತಿಯ ಮುಂದೆ ಬಹಳ ಹೊತ್ತು ನಿಂತೆವು. ನಡುವಿನ ಮುಖ ಧ್ಯಾನದ್ದು, ಎಡಗಡೆಯದು ಉಗ್ರ. ನಮ್ಮ ಬಲಗಡೆಗೆ ಬರುವ ಮುಖ ಹೆಣ್ಣಿನದು, ಮೃದುವಾದದ್ದು. ಬಾದಾಮಿ ನೋಡಿದವರಿಗೆ ಇಲ್ಲಿನ ಅರ್ಧನಾರೀಶ್ವರ, ನಟರಾಜ ಕಂಡರೆ ತವರಿನವರು ಸಿಕ್ಕಂತಾಗುತ್ತದೆ. ಇಮ್ಮಡಿ ಪುಲಿಕೇಶಿ ಹಡಗುಗಳಲ್ಲಿ ಬಂದು ಪಶ್ಚಿಮ ಸಮುದ್ರದ ಪುರಿಯನ್ನು ಗೆದ್ದನೆಂದು 634ರ ಐಹೊಳೆ ಶಾಸನ ಹೇಳುತ್ತದೆ. ಆ ಪುರಿ ಈ ಘಾರಾಪುರಿಯೇ ಎಂದು ಕೆಲವು ವಿದ್ವಾಂಸರ ಅಭಿಪ್ರಾಯ. ಚಪಾತಿ, ಚಟ್ನಿಪುಡಿ, ಮೊಸರನ್ನದ ಡಬ್ಬಿಗಳನ್ನು ಮಂಗಗಳಿಂದ ಕಾಪಾಡಿಕೊಂಡು ಊಟ ಮುಗಿಸಿದ್ದೇ ಒಂದು ಸಾಹಸ!

ಇಳಿಯುವಾಗ ಹುಣಸೆಕಾಯಿ, ಬೋರೆಹಣ್ಣು ಮಾರುವ ಬಾಯಿಯೊಬ್ಬರ ಹತ್ತಿರ ಕೂತೆವು. ಕಡಲಕ್ಕಿಗಳು ದೀಪಾವಳಿ ಆದ ಮೇಲೆ ಬರುತ್ತವೆ, ಹೋಳಿ ಕಳೆದರೆ ಕಡಿಮೆಯಾಗುತ್ತವೆ ಎಂದು ಅವರೇ ಹೇಳಿದರು, ಯಾವ ಪುಸ್ತಕವೂ ಇಲ್ಲದೆ. ಮುಂಬಯಿಯ ದೀಪಗಳನ್ನು ರಾತ್ರಿಯಿಡೀ ಎದುರಿಗೇ ನೋಡುತ್ತಿದ್ದ ಈ ದ್ವೀಪದ ಮನೆಗಳಿಗೆ ಸಮುದ್ರದಡಿಯ ಕೇಬಲ್ಲಿನಿಂದ ಕರೆಂಟು ಬಂದದ್ದು 2018ರಲ್ಲಿ. ಅಲ್ಲಿಯವರೆಗೆ ಸಂಜೆ ಕೆಲವು ಗಂಟೆ ಜನರೇಟರು, ಅಷ್ಟೇ.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಮಾತು. ನಮ್ಮ ಸುತ್ತಲಿನ ಈ ಕೆಸರು, ಕಾಂಡ್ಲಾ ಕಾಡು ಖಾಲಿ ಜಾಗವಲ್ಲ. ಠಾಣೆ ಖಾರಿಯ ಒಂದು ಭಾಗ 2015ರಲ್ಲಿ ರಾಜಹಂಸಗಳ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ತಾಣವೆಂದು ಅಂತರರಾಷ್ಟ್ರೀಯ ಮನ್ನಣೆ ಪಡೆಯಿತು. ಆದರೂ 2024ರ ಮೇ ತಿಂಗಳಲ್ಲಿ ಘಾಟ್‌ಕೋಪರ್ ಮೇಲೆ ಇಳಿಯುತ್ತಿದ್ದ ವಿಮಾನಕ್ಕೆ ಸಿಕ್ಕಿ ಮೂವತ್ತಕ್ಕೂ ಹೆಚ್ಚು ರಾಜಹಂಸಗಳು ಸತ್ತವು. ಎಷ್ಟಿದ್ದವು, ಎಲ್ಲಿ ಕೂರುತ್ತಿದ್ದವು, ಯಾವ ವರ್ಷದಿಂದ ಬರುವುದು ಬಿಟ್ಟವು ಎಂದು ಬರೆದಿಟ್ಟವರಿದ್ದರೆ ಮಾತ್ರ ಅವುಗಳ ಪರವಾಗಿ ಯಾರಾದರೂ ವಾದಿಸಬಹುದು.

ಹಾಗೆ ಬರೆದಿಡಲು ವಿಜ್ಞಾನಿ ಆಗಬೇಕಿಲ್ಲ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ನಡೆಯುತ್ತದೆ. 2013ರಿಂದ ಭಾರತವೂ ಅದರಲ್ಲಿದೆ. ಕನಿಷ್ಠ ಹದಿನೈದು ನಿಮಿಷ ಒಂದು ಕಡೆ ನಿಂತು ಕಂಡ ಹಕ್ಕಿಗಳನ್ನು ಎಣಿಸಿ, ಇ-ಬರ್ಡ್ ಎಂಬ ಉಚಿತ ಆ್ಯಪಿನಲ್ಲಿ ಹಾಕಿದರೆ ಆಯಿತು. ಬಾಲ್ಕನಿಯ ಕಾಗೆ, ಪಾರಿವಾಳವೂ ಲೆಕ್ಕಕ್ಕೆ ಬರುತ್ತವೆ. ನನ್ನ ಆ ಗೆಳತಿ ಈಗ ದಿನಾ ಬೆಳಿಗ್ಗೆ ಅತ್ತೆಯ ಕೋಣೆಯ ಕಿಟಕಿಯಲ್ಲಿ ಹದಿನೈದು ನಿಮಿಷ ನಿಲ್ಲುತ್ತಾಳೆ. ಇವಳಿಗೆ ಕಾಣದ ಹಕ್ಕಿಯನ್ನು ಅತ್ತೆ ಕೂಗಿನಿಂದಲೇ ಹಿಡಿಯುತ್ತಾರೆ. ಪಟ್ಟಿ ಇಬ್ಬರದೂ.

ಕೊನೆಯದಾಗಿ ಒಂದು ಸೂಚನೆ. ಈ ಫೆಬ್ರವರಿಯಲ್ಲಿ ನಮ್ಮ ಮಹಿಳಾ ವಿಭಾಗದಿಂದ ಶಿವಡಿಗೋ ಐರೋಲಿಗೋ ಒಂದು ಬೆಳಿಗ್ಗೆ ಹೋಗೋಣ. ಹೊರಡುವ ಮುನ್ನ ಭರತ ಇಳಿತದ ವೇಳೆ ನೋಡಿಕೊಳ್ಳಬೇಕು, ನೀರಿಳಿದರೆ ತಾನೇ ಹಕ್ಕಿಗಳು ಕೆಸರಿಗೆ ಇಳಿಯುವುದು. ಹಳೆಯ ದುರ್ಬೀನು ಇದ್ದವರು ತನ್ನಿ. ಮನೆಯಲ್ಲಿ ಯಾಕೆ ಎಂದು ಕೇಳಿದರೆ ಎಣಿಸಲು ಹೋಗುತ್ತಿದ್ದೇವೆ ಎನ್ನಿ. ಹೆಸರು ಕೊಡುವವರು ಚಹಾ ಆದ ಮೇಲೆ ನನ್ನನ್ನು ಕಾಣಿ.